ಹೃದಯದ ಪರೀಕ್ಷೆ

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರರು ಹೃದಯಾಘಾತದಿಂದ ನಿಧನರಾದಾಗ ಅವರಿಗೆ 46 ವರ್ಷ, ವ್ಯಾಯಾಮಕ್ಕೆ ಹೆಸರಾದವರು. ಆ ಬಳಿಕ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹೃದಯಪರೀಕ್ಷೆಗಾಗಿ ಜನ ಕಿಕ್ಕಿರಿದರು. ನಮ್ಮ ದಿಲ್‌ಸುಖ್‌ನಗರದಲ್ಲಿಯೂ ‘ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿಕೊಂಡೆ, ಇನ್ನು ಭಯವಿಲ್ಲ’ ಎನ್ನುವ ಹಿರಿಯರುಂಟು. ಈ ನಿಶ್ಚಿಂತೆ ಯುಕ್ತವೆಂದು ನನಗೆ ತೋರುವುದಿಲ್ಲ.

ಎದೆಗೆ ಇ.ಸಿ.ಜಿ. ತಂತಿಗಳನ್ನು ಅಂಟಿಸಿ, ಚಲಿಸುವ ಪಟ್ಟಿಯ ಮೇಲೆ ನಡೆಸುತ್ತಾರೆ. ಅಮೆರಿಕದ ವೈದ್ಯ ರಾಬರ್ಟ್ ಬ್ರೂಸ್ ರೂಪಿಸಿದ ಕ್ರಮದಲ್ಲಿ 3 ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ. ರಕ್ತನಾಳ ಬಹಳ ಕಿರಿದಾಗಿದ್ದರೆ, ವಿಶ್ರಾಂತಿಯಲ್ಲಿ ಕಾಣದ ರಕ್ತದ ಕೊರತೆ ಶ್ರಮದಲ್ಲಿ ಬಯಲಾಗುತ್ತದೆ. ಆದರೆ ನಾಳದ ಗೋಡೆಯಲ್ಲಿ ಅಡಗಿರುವ ಸಣ್ಣ ಕೊಬ್ಬಿನ ಗಂಟು ಇದಕ್ಕೆ ಸಿಕ್ಕುವುದು ದುರ್ಲಭ. ಅದು ಒಡೆದು ರಕ್ತ ಹೆಪ್ಪುಗಟ್ಟಿದರೂ ಆಘಾತವಾದೀತು. ನಿಮ್ಮ ವಾರ್ಷಿಕ ಪರೀಕ್ಷೆಯಂತೆ ಇದರಲ್ಲಿ ಉತ್ತೀರ್ಣರಾದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದಲ್ಲ! ರೋಗಲಕ್ಷಣವೇ ಇಲ್ಲದವರಲ್ಲಿ ಇಲ್ಲದ ರೋಗವನ್ನು ತೋರಿಸಿ ಬೆದರಿಸುವುದೂ ಉಂಟು.

ವಿದ್ಯಾರ್ಥಿಗಳೇ, ನಿಮ್ಮ ತಂದೆಯವರು ಮೆಟ್ರೋ ನಿಲ್ದಾಣದ ಮೆಟ್ಟಿಲೇರುವಾಗ ಎದೆ ಬಿಗಿದು ನಿಂತು, ‘ಗ್ಯಾಸು’ ಎಂದು ಸೋಡಾ ಕುಡಿದರೆ ನೀವು ಸುಮ್ಮನಿರತಕ್ಕದ್ದಲ್ಲ. ವೈದ್ಯರಲ್ಲಿಗೆ ಹೋಗಲು ಹಟ ಹಿಡಿಯಿರಿ; ಯಾವ ಪರೀಕ್ಷೆ ಬೇಕೆಂಬುದನ್ನು ಅವರು ನಿರ್ಧರಿಸಲಿ. ಕುಳಿತಿರುವಾಗಲೇ ಎದೆನೋವು ಬಂದು ಬೆವರಿದರೆ ಟ್ರೆಡ್‌ಮಿಲ್ಲಿನ ಮಾತೇ ಬೇಡ, ಕೂಡಲೇ 108ಕ್ಕೆ ಕರೆಮಾಡಿ.