ವೆಬ್‌ಸೈಟ್ ಆಮೇಲೆ, ಮೊದಲು ಡೈರಿ ತೆಗೀರಿ

ನಮ್ಮ ಕ್ಯಾಂಪಸ್ಸಿನಲ್ಲಿ ಈಗ ಒಂದು ಅಭ್ಯಾಸ ಶುರುವಾಗಿದೆ. ರಜೆಗೆ ಊರಿಗೆ ಹೋದವರು ವಾಪಸ್ ಬರುವಷ್ಟರಲ್ಲಿ ಮನೆಯವರಿಗೋ ಪಕ್ಕದ ಮನೆಯವರಿಗೋ ಒಂದು ಆನ್‌ಲೈನ್ ಅಂಗಡಿ ಮಾಡಿಕೊಟ್ಟು ಬಂದಿರುತ್ತಾರೆ. ಒಬ್ಬರದ್ದು ಉಪ್ಪಿನಕಾಯಿ, ಒಬ್ಬರದ್ದು ಜೇನು, ಇನ್ನೊಬ್ಬರದ್ದು ಅತ್ತಿಗೆ ಹೊಲಿಯುವ ಬ್ಲೌಸ್. ಆಮೇಲೆ ಅದೇ ಮಿನಿ ಪ್ರಾಜೆಕ್ಟ್, ಅದೇ ಪಿಚ್ ಕಾಂಪಿಟಿಷನ್ನಿನ ಸ್ಲೈಡ್, ಅದೇ ರೆಸ್ಯೂಮೆಯಲ್ಲಿ ಒಂದು ಸಾಲು. ನಾವು ನಾಲ್ಕು ಜನವೂ ಮಾಡಿದ್ದೇವೆ, ಹಾಗಾಗಿ ಯಾರಿಗೂ ಬುದ್ಧಿ ಹೇಳುವ ಸ್ಥಾನದಲ್ಲಿ ನಾವಿಲ್ಲ. ಆದರೆ ಈ ಸಣ್ಣ ಅಂಗಡಿಗಳಿಗೆ ಗಿರಾಕಿ ತರುವ ವಿಷಯದಲ್ಲಿ ನಾವು ಇಂಜಿನಿಯರಿಂಗ್‌ನವರು ಕೆಲಸವನ್ನು ಹಿಂದುಮುಂದಾಗಿ ಮಾಡ್ತಾ ಇದ್ದೇವೆ ಅನ್ನೋದು ನಮ್ಮ ಅಭಿಪ್ರಾಯ. ಮತ್ತು ಅದರ ಖರ್ಚು ಬೀಳುವುದು ನಮ್ಮ ಜೇಬಿಗೆ ಅಲ್ಲ.

ನಮ್ಮದು ಹಪ್ಪಳದ ಅಂಗಡಿ. ನಮ್ಮಲ್ಲೊಬ್ಬನ ಚಿಕ್ಕಮ್ಮನ ಮನೆ ಕಡಬದಲ್ಲಿ, ಪೇಟೆಯಿಂದ ಸುಮಾರು ಒಳಗೆ. (ಕಡಬ ಎಲ್ಲಿ ಅಂತ ಪ್ರತಿ ಸಲ ಕೇಳ್ತಾರೆ. ಕುಕ್ಕೆ ಸುಬ್ರಹ್ಮಣ್ಯ ಗೊತ್ತಲ್ಲ, ಅದು ಈಗ ಕಡಬ ತಾಲೂಕಿನಲ್ಲೇ ಇರೋದು.) ಅವನಿಗೆ ಮಾತ್ರ ಚಿಕ್ಕಮ್ಮ ಆಗಿದ್ದವರು ಈಗ ನಮಗೆಲ್ಲ ಚಿಕ್ಕಮ್ಮ. ಅವರು ಮತ್ತು ಅಕ್ಕಪಕ್ಕದ ಇಬ್ಬರು ಸೇರಿ ಬೇಸಿಗೆಯಲ್ಲಿ ಹಲಸಿನ ಹಪ್ಪಳ ಮಾಡ್ತಾರೆ. ಬೆಳೆದ ಕಾಯಿ ಕೊಯ್ದು, ಸೊಳೆ ಬಿಡಿಸಿ, ಬೇಯಿಸಿ, ಉಪ್ಪು ಮೆಣಸು ಹಾಕಿ ಗುದ್ದಿ, ಉಂಡೆ ಮಾಡಿ ಒತ್ತಿ, ಅಂಗಳದಲ್ಲಿ ಚಾಪೆ ಹಾಸಿ ಒಣಗಿಸೋದು. ಕಾಗೆ ಬಾರದ ಹಾಗೆ ಪಕ್ಕದಲ್ಲಿ ಒಂದು ಹಳೇ ಕಪ್ಪು ಕೊಡೆ ಬಿಡಿಸಿ ಇಟ್ಟಿರ್ತಾರೆ. ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ಹೆಚ್ಚೆಂದರೆ ನಲವತ್ತು ದಿನ ಸಿಗುತ್ತದೆ. ದಿನಕ್ಕೆ 250 ಹಪ್ಪಳ. ಅಂದರೆ ಇಡೀ ವರ್ಷಕ್ಕೆ ಹತ್ತು ಸಾವಿರ. ಐವತ್ತರ ಕಟ್ಟು ಲೆಕ್ಕದಲ್ಲಿ 200 ಕಟ್ಟು. ಈ ಲೆಕ್ಕವನ್ನು ನಾವು ಮಾಡಿದ್ದು ಎಲ್ಲ ಮುಗಿದ ಮೇಲೆ. ಮೊದಲೇ ಮಾಡಿದ್ದರೆ ಈ ಲೇಖನ ಇರ್ತಿರಲಿಲ್ಲ.

ಕಳೆದ ಮೇ ತಿಂಗಳಲ್ಲಿ ಎರಡು ವಾರ ಅಲ್ಲಿದ್ದಾಗ ನಾವೇ ಹೇಳಿದ್ದು, "ಚಿಕ್ಕಮ್ಮ, ನಿಮ್ಮ ಹಪ್ಪಳ ಆನ್‌ಲೈನ್‌ನಲ್ಲಿ ಮಾರುವ" ಅಂತ. ಅವರು, "ನನಗೆ ಅದೆಲ್ಲ ಎಂತದು ಗೊತ್ತಿಲ್ಲ ಮಕ್ಕಳೇ, ನೀವು ಮಾಡುವುದಾದರೆ ಮಾಡಿ" ಅಂದು ಒಳಗೆ ಹೋಗಿ ಹಿಂದಿನ ವರ್ಷದ ಹಪ್ಪಳದ ದುಡ್ಡಿನಲ್ಲಿ ಉಳಿದಿದ್ದ ಆರು ಸಾವಿರ ತಂದುಕೊಟ್ಟರು. ಡಬ್ಬದಿಂದ ತೆಗೆದ ನೋಟುಗಳು. ಆ ನೋಟಿನ ವಾಸನೆ ನಮಗೆ ಇನ್ನೂ ನೆನಪುಂಟು. ಡೊಮೇನಿಗೆ 900, ಸ್ಟಿಕ್ಕರಿಗೆ 600, ಉಳಿದ 4,500 ಪೂರ್ತಿ ಜಾಹೀರಾತಿಗೆ.

ವೆಬ್‌ಸೈಟ್ ಚಂದ ಆಗಿತ್ತು, ಅದರಲ್ಲಿ ಸಂಶಯ ಇಲ್ಲ. ಕಾರ್ಟ್, ಕೂಪನ್, ಪೇಮೆಂಟ್ ಗೇಟ್‌ವೇ, ಎಲ್ಲ ಇತ್ತು. ಹೆಸರು ಮಾತ್ರ ನಾವು ಇಟ್ಟದ್ದು 'ಆರ್ಟಿಸನಲ್ ಜ್ಯಾಕ್‌ಫ್ರೂಟ್ ಕ್ರಿಸ್ಪ್ಸ್'. ನಾವೆಲ್ಲ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಮಾರುವ ವಸ್ತುವಿಗೆ ಹಪ್ಪಳ ಅಂತ ಬರೆದರೆ ಯಾಕೋ ಕಡಿಮೆ ಬೆಲೆಯದ್ದು ಅನಿಸುತ್ತದೆ ಅನ್ನುವುದು ನಮ್ಮ ತಲೆಯಲ್ಲಿ ಹೇಗೆ ಕೂತಿತೋ ಗೊತ್ತಿಲ್ಲ. ಬೆಂಗಳೂರಿನಲ್ಲಿ ಕೂತು ಊರಿನ ಹಪ್ಪಳ ಬೇಕು ಅನಿಸಿದವರು ಫೋನಿನಲ್ಲಿ ಹುಡುಕುವುದು 'ಹಲಸಿನ ಹಪ್ಪಳ' ಅಂತ. ಕನ್ನಡ ಅಕ್ಷರದಲ್ಲೋ, ಇಂಗ್ಲಿಷ್ ಅಕ್ಷರದಲ್ಲೋ, ಶಬ್ದ ಅದೇ. ಆ ಶಬ್ದ ನಮ್ಮ ಪೇಜಿನಲ್ಲಿ ಒಂದು ಕಡೆಯೂ ಇರಲಿಲ್ಲ. ಫೋಟೋ ಕೂಡ ಬಿಳಿ ತಟ್ಟೆ, ಪಕ್ಕದಲ್ಲೊಂದು ಎಲೆ. ಅಂಗಳ ಇಲ್ಲ, ಚಾಪೆ ಇಲ್ಲ, ಆ ಕಪ್ಪು ಕೊಡೆ ಮೊದಲೇ ಇಲ್ಲ.

ಜಾಹೀರಾತಿನ ಲೆಕ್ಕ ಹೇಳಿಬಿಡುತ್ತೇವೆ. 18ರಿಂದ 35 ವಯಸ್ಸು, ಇಡೀ ಕರ್ನಾಟಕ ಅಂತ ಹಾಕಿದ್ದೆವು. (ನಮ್ಮಂಥವರೇ ಗಿರಾಕಿ ಅಂದುಕೊಂಡದ್ದು. ನಾವು ಯಾವತ್ತಾದರೂ ದುಡ್ಡು ಕೊಟ್ಟು ಹಪ್ಪಳ ತಗೊಂಡಿದ್ದೇವಾ?) ನೋಡಿದವರು 38,000. ಒತ್ತಿ ಒಳಗೆ ಬಂದವರು 512. ಆರ್ಡರ್ ನಾಲ್ಕು. ಅದರಲ್ಲಿ ಎರಡು ನಮ್ಮ ಹಾಸ್ಟೆಲಿನವರದ್ದು, ಒಂದು ನಮ್ಮಲ್ಲೊಬ್ಬನ ಮಾವನದ್ದು. ನಿಜವಾದ ಅಪರಿಚಿತ ಗಿರಾಕಿ ಹುಬ್ಬಳ್ಳಿಯ ಒಬ್ಬರೇ ಒಬ್ಬರು. ಒಂದು ಕಟ್ಟಿಗೆ 180 ರೂಪಾಯಿ, ಚಿಕ್ಕಮ್ಮನಿಗೆ ಅದರಲ್ಲಿ ಉಳಿಯುವುದು 70. ಆ 4,500 ವಾಪಸ್ ಬರಬೇಕಾದರೆ ಅರುವತ್ತೈದು ಕಟ್ಟು ಬೇರೆ ಮಾರಬೇಕು. ಮೂರು ಹೆಂಗಸರು ಒಂದು ವಾರಕ್ಕಿಂತ ಹೆಚ್ಚು ದಿನ ಗುದ್ದಿ ಒತ್ತಿದ್ದನ್ನು ನಾವು ಒಂದು ಬಟನ್ ಒತ್ತಿ ಕಳೆದಿದ್ದೆವು.

ಮಧ್ಯದಲ್ಲಿ ಪೇಜು ಮೂರು ದಿನ ಲಾಕ್ ಕೂಡ ಆಯ್ತು. ನಾಲ್ಕು ಜನ ನಾಲ್ಕು ಊರಿನಿಂದ ಒಂದೇ ಅಕೌಂಟಿಗೆ ಲಾಗಿನ್ ಆದದ್ದು ನಮ್ಮದೇ ತಪ್ಪು, ಆಯ್ತಾ. ಆದರೆ ಆ ಮೂರು ದಿನ ನಮ್ಮ ಫಾಲೋವರ್ಸ್ ಒಬ್ಬರನ್ನೂ ಸಂಪರ್ಕ ಮಾಡುವ ದಾರಿ ನಮ್ಮ ಹತ್ತಿರ ಇರಲಿಲ್ಲ. ಆ ಪಟ್ಟಿ ನಮ್ಮದು ಅಂದುಕೊಂಡಿದ್ದೆವು, ಅದು ಆ್ಯಪಿನದ್ದಾಗಿತ್ತು.

ಈ ಮಾತು ನಮ್ಮ ಪುತ್ತೂರು-ಸುಳ್ಯ ಕಡೆಯವರಿಗೆ ಹೊಸತಲ್ಲ. ಮನೆಯ ಹಿರಿಯರನ್ನು ಕೊಕ್ಕೊ ಬಗ್ಗೆ ಕೇಳಿ ನೋಡಿ. ಅಡಿಕೆ ತೋಟದ ನಡುವೆ ಕೊಕ್ಕೊ ಹಾಕಿ ಅಂತ ಪ್ರೋತ್ಸಾಹ ಬಂತು, ಜನ ಹಾಕಿದರು. 1980ರ ಆಸುಪಾಸಿನಲ್ಲಿ ಪೇಟೆ ಬಿದ್ದು, ಕೊಳ್ಳುವವರು ಹಿಂದೆ ಸರಿದಾಗ ಬೆಳೆದವರ ಕೈಯಲ್ಲಿ ಬೆಳೆ ಉಂಟು, ಗಿರಾಕಿ ಇಲ್ಲ. 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಆಗ ಕೊಕ್ಕೊ ಖರೀದಿಗೂ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಫ್ಯಾಕ್ಟರಿಯನ್ನೇ ತೆರೆಯಿತು. ನಾವು ಬಸ್ಸಿನಲ್ಲಿ ಹೋಗುವಾಗ ಆ ಫ್ಯಾಕ್ಟರಿ ನೋಡಿ ಚಾಕಲೇಟ್ ಅಂದುಕೊಂಡದ್ದು ಬಿಟ್ಟರೆ, ಅದರ ಹಿಂದೆ 'ಕೊಳ್ಳುವವನು ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ' ಅನ್ನುವ ಕಥೆ ಉಂಟು ಅಂತ ಯೋಚಿಸಿರಲಿಲ್ಲ.

ಜೂನ್ ಮೊದಲ ವಾರ ನಮಗೆ ನಾಚಿಕೆಯಾಗಿ ಚಿಕ್ಕಮ್ಮನಿಗೆ ಫೋನ್ ಮಾಡಿದೆವು. ನಾಲ್ಕೇ ಆರ್ಡರ್ ಅಂತ ಹೇಳಿದೆವು. ಅವರು ಬೈಯಲಿಲ್ಲ. "ಮೊದಲು ಯಾರಿಗೆ ಕೊಡ್ತಾ ಇದ್ರಿ?" ಅಂತ ಆಗ ಕೇಳಿದೆವು. ಈ ಪ್ರಶ್ನೆ ಮೇ ತಿಂಗಳಲ್ಲೇ ಕೇಳಬೇಕಿತ್ತು, ಮಾರಾಯ್ರೆ. ಅವರ ಹತ್ತಿರ ಒಂದು ಡೈರಿ ಉಂಟು. ಯಾವುದೋ ಸೊಸೈಟಿಯವರು ಕೊಟ್ಟದ್ದು. ಅದರಲ್ಲಿ 71 ಹೆಸರು, ಫೋನ್ ನಂಬರ್ ಸಮೇತ. ಬೆಂಗಳೂರಿಗೆ ಹೋದವರು, ಮುಂಬೈಯಲ್ಲಿ ಹೋಟೆಲ್ ಇಟ್ಟವರು, ರಿಟೈರ್ ಆದ ಟೀಚರ್‌ಗಳು, ಸುಬ್ರಹ್ಮಣ್ಯಕ್ಕೆ ಬಂದಾಗ ದಾರಿಯಲ್ಲಿ ತಗೊಂಡು ಹೋದವರು. ಕೆಲವು ಹೆಸರಿನ ಮುಂದೆ 'ಖಾರ ಕಡಿಮೆ', ಒಂದರ ಮುಂದೆ 'ಬೆಳ್ಳುಳ್ಳಿ ಬೇಡ' ಅಂತ ಪೆನ್ಸಿಲಿನಲ್ಲಿ ಬರೆದಿತ್ತು. ಸೆಮಿನಾರಿನಲ್ಲಿ ಸಿಆರ್‌ಎಂ ಅಂತ ನಮಗೆ ಎರಡು ಗಂಟೆ ಹೇಳಿದ್ದು ಇದನ್ನೇ.

ನಾವು ಆ 71 ಜನಕ್ಕೆ ಒಂದೇ ಮೆಸೇಜ್ ಫಾರ್ವರ್ಡ್ ಮಾಡಲಿಲ್ಲ. ಹೆಸರು ಹಾಕಿ ಒಬ್ಬೊಬ್ಬರಿಗೇ ಬರೆದೆವು: ಈ ವರ್ಷದ ಹಪ್ಪಳ ಒಣಗಿದೆ, ಇಷ್ಟು ಕಟ್ಟು ಉಂಟು, ನಿಮ್ಮದು ಖಾರ ಕಡಿಮೆ ಅಂತ ಡೈರಿಯಲ್ಲಿದೆ, ಹಾಗೇ ಕಳಿಸುವುದಾ? ಜೊತೆಗೆ ಅಂಗಳದ ಫೋಟೋ, ಕೊಡೆಯ ಸಮೇತ. ಕೆಲವು ನಂಬರ್ ಬದಲಾಗಿತ್ತು, ಕೆಲವರು ಉತ್ತರಿಸಲಿಲ್ಲ. 44 ಮನೆಯವರು ತಗೊಂಡರು, 103 ಕಟ್ಟು. ಮೆಸೇಜಿಗೆ ಆದ ಖರ್ಚು ಸೊನ್ನೆ. ಒಬ್ಬರೂ ವೆಬ್‌ಸೈಟಿಗೆ ಹೋಗಿ ಕಾರ್ಟಿಗೆ ಹಾಕಲಿಲ್ಲ. ಫೋನ್ ಮಾಡಿ ಚಿಕ್ಕಮ್ಮನ ಹತ್ತಿರ ಹತ್ತು ನಿಮಿಷ ಊರಿನ ಸುದ್ದಿ ಮಾತಾಡಿ, ಯುಪಿಐನಲ್ಲಿ ಕಳಿಸಿದರು.

ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಒಂದು ಆಕ್ಷೇಪ ಬಂತು, ಸರಿಯಾದದ್ದೇ: ಗೊತ್ತಿದ್ದವರಿಗೆ ಮಾರುವುದು ಮಾರ್ಕೆಟಿಂಗಾ? ಗೊತ್ತಿಲ್ಲದವರನ್ನು ತರುವುದು ಹೇಗೆ? ಇದಕ್ಕೆ ಉತ್ತರವೂ ನಮ್ಮ ಕಡೆಯೇ ಉಂಟು. 2021ರ ಲಾಕ್‌ಡೌನಿನಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದೆ ಬೆಳೆದವರು ಕಷ್ಟಕ್ಕೆ ಬಿದ್ದಾಗ, ಪುತ್ತೂರಿನಿಂದ ಬರುವ 'ಅಡಿಕೆ ಪತ್ರಿಕೆ', ಅದರ ಶ್ರೀ ಪಡ್ರೆಯವರು, 'ಬಾಕಾಹು' ಅನ್ನುವ ಆಂದೋಲನ ನಡೆಸಿದರು. ಬಾಳೆಕಾಯಿ ಹುಡಿ ಅನ್ನುವುದರ ಚುಟುಕು. ಅದು ಓಡಿದ್ದು ಮುಖ್ಯವಾಗಿ ವಾಟ್ಸ್ಆ್ಯಪ್ ಗ್ರೂಪಿನಲ್ಲಿ. ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಂಗಸರು ಮನೆಯಲ್ಲೇ ಹುಡಿ ಮಾಡಿ, ಅದರಿಂದ ದೋಸೆ, ಗುಲಾಬ್ ಜಾಮೂನು ಮಾಡಿ ಫೋಟೋ ಹಾಕಿದರು. ಒಬ್ಬರು ಮಾಡಿದ್ದು ನೋಡಿ ಇನ್ನೊಬ್ಬರು. ಆ ಜುಲೈಯಲ್ಲಿ ಪ್ರಧಾನಿಯವರ 'ಮನ್ ಕೀ ಬಾತ್'ನಲ್ಲೂ ಇದರ ಪ್ರಸ್ತಾಪ ಬಂತು. 'ಕೊಳ್ಳಿ, ಕೊಳ್ಳಿ' ಅಂತ ಕೂಗಿ ಆದದ್ದಲ್ಲ ಅದು. ಇದರಿಂದ ಏನೆಲ್ಲ ಮಾಡಬಹುದು ಅಂತ ತೋರಿಸಿದ್ದು, ತೋರಿಸಿದವರು ಸ್ವತಃ ಅಡುಗೆ ಮಾಡುವವರು.

ನಾವು ಇದನ್ನು ಸಣ್ಣದಾಗಿ ಕದ್ದೆವು. ಪ್ರತಿ ಕಟ್ಟಿನ ಒಳಗೆ ಒಂದು ಚೀಟಿ: ಎಣ್ಣೆಯಲ್ಲಿ ಕಾಯಿಸುವುದು ಹೇಗೆ, ಮತ್ತು ಮಳೆಗಾಲದಲ್ಲಿ ಊರಿನಲ್ಲಿ ಮಾಡುವ ಹಾಗೆ ಬೆಂಕಿಯಲ್ಲಿ ಸುಟ್ಟು ತೆಂಗಿನಕಾಯಿ ಹೋಳಿನ ಜೊತೆ ತಿನ್ನುವುದು ಹೇಗೆ. ಬೆಂಗಳೂರಿನ ಒಬ್ಬರು ಗ್ಯಾಸ್ ಸ್ಟವ್ ಮೇಲೆ ಸುಟ್ಟು ಅದರ ಫೋಟೋವನ್ನು ತಮ್ಮ ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿದರು. ಆ ಒಂದು ಅಪಾರ್ಟ್‌ಮೆಂಟಿನಿಂದ, ಅದನ್ನು ನೋಡಿದ ಇನ್ನೊಂದರಿಂದ, ಒಟ್ಟು 81 ಕಟ್ಟು. ಹಲಸಿನ ಹಪ್ಪಳ ಅಂದರೇನು ಅಂತ ಗೊತ್ತಿಲ್ಲದವರೂ ಅದರಲ್ಲಿದ್ದರು. ಮೊದಲು ಬಂದ ಪ್ರಶ್ನೆ ರುಚಿಯದ್ದಲ್ಲ, "ಎಫ್‌ಎಸ್‌ಎಸ್‌ಎಐ ನಂಬರ್ ಉಂಟಾ?" ಅನ್ನುವುದು. ಮನೆಯಲ್ಲಿ ತಿಂಡಿ ಮಾಡಿ ಮಾರುವವರಿಗೆ ಇರುವ ಬೇಸಿಕ್ ನೋಂದಣಿಗೆ ವರ್ಷಕ್ಕೆ ಶುಲ್ಕ 100 ರೂಪಾಯಿ. ಕಟ್ಟಿನ ಮೇಲೆ ಆ 14 ಅಂಕೆ ಇದ್ದದ್ದು ನಮ್ಮ 4,500ರ ಜಾಹೀರಾತಿಗಿಂತ ಹೆಚ್ಚು ಕೆಲಸ ಮಾಡಿತು.

ಕೊರಿಯರ್ ಬಗ್ಗೆ ಒಂದು ಮಾತು, ಯಾಕೆಂದರೆ ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಅವರು ತೂಕ ನೋಡುವುದು ತಕ್ಕಡಿಯಲ್ಲಿ ಮಾತ್ರ ಅಲ್ಲ. ಬಾಕ್ಸಿನ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ. ಅದು ಜಾಸ್ತಿ ಬಂದರೆ ಅದೇ ತೂಕ. ಹಪ್ಪಳ ಹುಡಿಯಾಗಬಾರದು ಅಂತ ನಾವು ಎರಡು ಕಟ್ಟಿಗೆ 30×20×15ರ ಬಾಕ್ಸ್ ಹಿಡಿದಿದ್ದೆವು. ಲೆಕ್ಕದಲ್ಲಿ 1.8 ಕೆಜಿ, ತೂಗಿದರೆ ಒಂದು ಕೆಜಿಯೂ ಇಲ್ಲ. ಗಾಳಿಗೆ ದುಡ್ಡು ಕೊಟ್ಟಂತಾಯ್ತು. ಒಂದು ಅಪಾರ್ಟ್‌ಮೆಂಟಿಗೆ ಇಪ್ಪತ್ತು ಕಟ್ಟು ಒಟ್ಟಿಗೆ, ಅದೂ ರಾತ್ರಿ ಬಸ್ಸಿನ ಪಾರ್ಸೆಲ್‌ನಲ್ಲಿ ಹೋದಾಗ ಕಟ್ಟಿಗೆ ಬೀಳುವ ಖರ್ಚು ಬಹಳ ಇಳಿಯಿತು. ಕೆಎಸ್‌ಆರ್‌ಟಿಸಿಯ 'ನಮ್ಮ ಕಾರ್ಗೋ' 2021ರಿಂದ ಉಂಟು. ಹಾಗಾಗಿ ನಮ್ಮ ಪ್ರಕಾರ ಸಣ್ಣ ಅಂಗಡಿಗೆ ಐವತ್ತು ಊರಿನ ಐವತ್ತು ಗಿರಾಕಿಗಿಂತ ಒಂದೇ ಗೇಟಿನೊಳಗಿನ ಇಪ್ಪತ್ತು ಗಿರಾಕಿ ಒಳ್ಳೆಯದು.

ಈಗ ಆ 200ರ ಲೆಕ್ಕಕ್ಕೆ ಬರುವ. ಒಂದು ಮನೆಗೆ ಎರಡು ಕಟ್ಟು ಅಂದರೂ ಚಿಕ್ಕಮ್ಮನಿಗೆ ಬೇಕಾದದ್ದು ನೂರು ಮನೆ. ನಾವು ಅದಕ್ಕಾಗಿ 38,000 ಜನರ ಮುಂದೆ ಕುಣಿದೆವು. ಒಂದು ವೇಳೆ ಜಾಹೀರಾತು ಗೆದ್ದು ಸಾವಿರ ಆರ್ಡರ್ ಬಂದಿದ್ದರೆ? ಮಳೆ ಶುರುವಾಗಿತ್ತು, ಒಣಗಿಸಲು ಬಿಸಿಲಿಲ್ಲ, ಮನೆಯಲ್ಲಿ ಕರೆಂಟಿಲ್ಲ, ನೆಟ್‌ವರ್ಕಿಗೆ ಗುಡ್ಡದ ತುದಿಗೆ ಹೋಗಬೇಕು. ಎಂಟುನೂರು ಜನರಿಗೆ ದುಡ್ಡು ವಾಪಸ್ ಮಾಡಿ ಕ್ಷಮೆ ಕೇಳುವ ಕೆಲಸ ಅವರಿಗೆ ಬೀಳುತ್ತಿತ್ತು, ನಾವು ಇಲ್ಲಿ ಇಂಟರ್ನಲ್ಸ್ ಬರೀತಾ ಇರ್ತಿದ್ದೆವು. ಸ್ಕೇಲ್ ಆಗುತ್ತದಾ ಅಂತ ಪಿಚ್ ಕಾಂಪಿಟಿಷನ್ನಿನಲ್ಲಿ ಜಡ್ಜ್‌ಗಳು ಕೇಳುವುದು ಸರಿ. ಆದರೆ ಹಲಸಿನ ಮರಕ್ಕೆ, ನಲವತ್ತು ದಿನದ ಬಿಸಿಲಿಗೆ, ಮೂರು ಜನರ ಕೈಗೆ ಆ ಪ್ರಶ್ನೆ ಕೇಳಿ ಏನು ಪ್ರಯೋಜನ? ಇನ್ನೊಬ್ಬರ ಅಂಗಡಿಗೆ ಕೈ ಹಾಕುವ ಮೊದಲು ನಾವು ಕೇಳಬೇಕಾದದ್ದು ವರ್ಷಕ್ಕೆ ಎಷ್ಟು ಮಾಡ್ತೀರಿ, ಇಷ್ಟರವರೆಗೆ ಯಾರು ತಗೊಂಡರು ಅನ್ನುವ ಎರಡು ಪ್ರಶ್ನೆ. ಆ ಉತ್ತರ ಬರೆದಿಟ್ಟುಕೊಳ್ಳಲು ಒಂದು ಸ್ಪ್ರೆಡ್‌ಶೀಟ್ ಸಾಕು. ಅಷ್ಟು ಮಾಡಿಕೊಟ್ಟರೆ ರೆಸ್ಯೂಮೆಯಲ್ಲಿ ಚಂದ ಕಾಣುವುದಿಲ್ಲ, ಅದು ನಿಜ.

ಜುಲೈ ಕೊನೆಯ ಲೆಕ್ಕ: ಜಾಹೀರಾತಿನದ್ದು 4 ಕಟ್ಟು, ಡೈರಿಯದ್ದು 103, ಅಪಾರ್ಟ್‌ಮೆಂಟಿನದ್ದು 81. ಉಳಿದ ಹನ್ನೆರಡು ಕಟ್ಟು ಮಳೆಗೆ ಮೆತ್ತಗಾಗಿ ಮನೆಯಲ್ಲೇ ಉಳಿಯಿತು, ಅರ್ಧ ನಾವೇ ತಿಂದೆವು. ಆ 4,500ನ್ನು ನಾಲ್ಕು ಜನ ಸೇರಿ ಹಿಂದಿರುಗಿಸುತ್ತೇವೆ ಅಂದಾಗ ಚಿಕ್ಕಮ್ಮ "ಬೇಡ" ಅಂದರು. ನಾವು ಬಿಡಲಿಲ್ಲ, ಇಷ್ಟರವರೆಗೆ ಎರಡು ಸಾವಿರ ಕೊಟ್ಟಿದ್ದೇವೆ. ಡೈರಿಯನ್ನು ಸ್ಪ್ರೆಡ್‌ಶೀಟಿಗೆ ಹಾಕಿ ಆಗಿದೆ, 'ಬೆಳ್ಳುಳ್ಳಿ ಬೇಡ' ಕಾಲಂ ಸಮೇತ. ಡೊಮೇನ್ ರಿನೀವಲ್ ಬರುವ ತಿಂಗಳು. ಇಬ್ಬರು ಬೇಡ ಅಂತಾರೆ, ಇಬ್ಬರು ಹೆಸರು ಬದಲಿಸಿ 'ಹಲಸಿನ ಹಪ್ಪಳ' ಅಂತ ಇಟ್ಟು, ಫೋನ್ ನಂಬರ್ ಮತ್ತು ಆ ಕೊಡೆಯ ಫೋಟೋ ಮಾತ್ರ ಹಾಕಿ ಬಿಡುವ ಅಂತಾರೆ. ಇನ್ನೂ ತೀರ್ಮಾನ ಆಗಿಲ್ಲ.