ಬೇಸಗೆಯ ವಿಹಾರವೂ ಬಂಡೆಯ ದಿನಚರಿಯೂ

ಬೇಸಗೆಯ ರಜೆ ಬಂದೊಡನೆ ಶನಿವಾರ, ಭಾನುವಾರಗಳಂದು ಚಿಕ್ಕ ಮಕ್ಕಳೊಡನೆ ಪ್ರಕೃತಿಯ ಮಡಿಲಿಗೆ ಹೋಗಿಬರುವ ವಾಡಿಕೆ ನಮ್ಮ ಕೊಪ್ಪಳ ಸೀಮೆಯಲ್ಲಿಯೂ ಬೆಳೆದಿದೆ. ಕುಷ್ಟಗಿ, ಯಲಬುರ್ಗಾಗಳ ಎರೆ, ಮಸಾರಿ ಹೊಲಗಳ ನಡುವಿನಿಂದ ಹೊರಟ ಕುಟುಂಬಗಳು ಗಂಗಾವತಿಯನ್ನು ದಾಟಿ ಆನೆಗೊಂದಿ, ಸಾಣಾಪುರಗಳ ಕಡೆಯ ವಿಹಾರಧಾಮಗಳಲ್ಲಿ ಇಳಿದುಕೊಳ್ಳುತ್ತವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಕೆಲವರು ಎರಡು ದಿನವೂ ಮಕ್ಕಳನ್ನು ತಂಪುಕೋಣೆಯಲ್ಲಿಯೂ ಈಜುಗೊಳದಲ್ಲಿಯೂ ಕಳೆಯಿಸುತ್ತಾರೆ. ಮತ್ತೆ ಕೆಲವರು ಸಮಯ ಸಾಲದೆಂದು ನಡುಮಧ್ಯಾಹ್ನದಲ್ಲಿ ಬೆಟ್ಟ ಹತ್ತಿಸುತ್ತಾರೆ. ಬಂಡೆಗೂ ಒಂದು ದಿನಚರಿಯುಂಟೆಂಬುದನ್ನು ಅರಿಯದಿರುವುದೇ ಈ ಎರಡು ತಪ್ಪುಗಳಿಗೂ ಮೂಲವೆಂದು ನನ್ನ ಅಭಿಪ್ರಾಯ.

ಒಂದು ಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಬೇಕಾದ ಶಾಖದ ಸುಮಾರು ಐದನೆಯ ಒಂದು ಪಾಲು ಒಂದು ಗ್ರಾಂ ಗ್ರಾನೈಟ್ ಶಿಲೆಗೆ ಸಾಕು. ಮೇಲಾಗಿ, ಹಗಲಿನ ಶಾಖದ ಏರಿಳಿತವು ಬಂಡೆಯೊಳಗೆ ಒಂದು ಗೇಣು ಇಳಿಯುವಷ್ಟರಲ್ಲಿಯೇ ಮೂರನೆಯ ಒಂದು ಪಾಲಿಗೆ ಕುಗ್ಗುತ್ತದೆ. ಆದುದರಿಂದ ಬಿಸಿಲೆಲ್ಲ ಮೇಲ್ಪದರದಲ್ಲಿಯೇ ಸಂಗ್ರಹವಾಗಿ, ಮಧ್ಯಾಹ್ನ ಬರಿಗಾಲಿಡಲಾರದಷ್ಟು ಬಂಡೆ ಕಾಯುತ್ತದೆ. ರಾತ್ರಿಯೆಲ್ಲ ಅದು ಆ ಶಾಖವನ್ನು ವಿಕಿರಣದ ರೂಪದಲ್ಲಿ ಹಿಂದಿರುಗಿಸಿ, ಸೂರ್ಯೋದಯದ ವೇಳೆಗೆ ತಣ್ಣಗಾಗಿರುತ್ತದೆ.

ಈಗ ಮಗುವಿನ ಶರೀರವನ್ನು ನೋಡೋಣ. ಐದು ವರ್ಷದ ಮಗುವಿಗೆ ತೂಕದ ಪ್ರತಿ ಕಿಲೋಗ್ರಾಮಿಗೆ ಇರುವ ಚರ್ಮದ ವಿಸ್ತಾರ ಬೆಳೆದವರಿಗಿಂತ ಸುಮಾರು ಒಂದೂವರೆ ಪಟ್ಟು. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಂಟಿಗ್ರೇಡ್. ಗಾಳಿ 40 ಡಿಗ್ರಿಗೆ ಏರಿದಾಗ ಶಾಖ ಹೊರಗಿನಿಂದ ಒಳಗೆ ಹರಿಯತೊಡಗುತ್ತದೆ. ಆಗ ಬೆವರೊಂದೇ ರಕ್ಷೆ. ಮಕ್ಕಳು ಬೆವರುವುದೂ ಕಡಿಮೆ. ತಂದೆಗೆ ಬರಿಯ ಆಯಾಸವೆನಿಸುವ ಏರು ಮಗುವಿಗೆ ಅಪಾಯವಾಗಬಹುದು. ಬಿಸಿಲಿನಲ್ಲಿ ನಿಂತ, ಗಾಜು ಮುಚ್ಚಿದ ಕಾರಿನೊಳಗಂತೂ ಹತ್ತೇ ನಿಮಿಷದಲ್ಲಿ ಉಷ್ಣತೆ ಸುಮಾರು 10 ಡಿಗ್ರಿ ಏರುತ್ತದೆ. ಅಲ್ಲಿ ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಲಾಗದು.

ಹಾಗೆಂದು ಮಕ್ಕಳನ್ನು ಬೇಸಗೆಯಿಂದ ಬಚ್ಚಿಡಬೇಕಿಲ್ಲ. ಬೆಳಗ್ಗೆ ಒಂಬತ್ತರೊಳಗೆ ಬಂಡೆಗಳ ಬಳಿಗೆ ಹೋಗಿಬರಲಿ. ಈರುಳ್ಳಿಯ ಸಿಪ್ಪೆಯಂತೆ ಬಿಟ್ಟುಕೊಂಡಿರುವ ಪದರಗಳನ್ನು ಅವರಿಗೆ ತೋರಿಸಿರಿ. ಮೇಲಿನ ಭಾರ ಸವೆದುಹೋದುದರಿಂದಲೂ ದಿನದಿನದ ಕಾಯುವಿಕೆ, ಆರುವಿಕೆಗಳಿಂದಲೂ ಸುಮಾರು 250 ಕೋಟಿ ವರ್ಷಗಳ ಈ ಶಿಲೆ ಹೀಗೆ ಸುಲಿಯುತ್ತದೆ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನರು ಇಂತಹ ಚಪ್ಪಡಿಗಳನ್ನೇ ನಿಲ್ಲಿಸಿ ಶಿಲಾಸಮಾಧಿಗಳನ್ನು ಕಟ್ಟಿದರು. ಮಧ್ಯಾಹ್ನ ನೆರಳಿನಲ್ಲಿ ಕುಳಿತು, ಮಣ್ಣಿನ ಹರವಿಯ ನೀರು ಏಕೆ ತಂಪೆಂದು ಕೇಳಲಿ: ಅದರ ಮೈಯಿಂದ ಆವಿಯಾಗುವ ಪ್ರತಿ ಗ್ರಾಂ ನೀರೂ ಸುಮಾರು 580 ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಹೊತ್ತು ಮುಳುಗಿದ ಮೇಲೆ ಬಂಡೆಯನ್ನು ಮುಟ್ಟದೆ, ಅದರ ಸಮೀಪದಲ್ಲಿ ಅಂಗೈಯನ್ನು ಹಿಡಿಯಲಿ. ಕಣ್ಣಿಗೆ ಕಾಣದ ವಿಕಿರಣ ಅಂಗೈಗೆ ತಿಳಿಯುವುದು!

ಮಕ್ಕಳು ಹೋಗುವುದು ಆಟಕ್ಕೆ, ಪಾಠಕ್ಕಲ್ಲವೆಂದು ಕೆಲವರು ಹೇಳಬಹುದು. ಅಂಗೈ ಹಿಡಿದು ಬಿಸಿಯನ್ನು ಹುಡುಕುವುದೂ ಆಟವಲ್ಲವೆ? ಈಜುಗೊಳದ ಆಟವೂ ಇರಲಿ. ಆದರೆ ಅದು ಎಲ್ಲ ಊರಿನಲ್ಲಿಯೂ ಒಂದೇ. ಆನೆಗೊಂದಿಯ ಬಂಡೆ ಆನೆಗೊಂದಿಯಲ್ಲಿಯೇ ಸಿಗಬೇಕು.

ವಿಹಾರಧಾಮದವರಿಗೆ ನನ್ನದೊಂದು ಸೂಚನೆ. ಊಟದ ಸಮಯವನ್ನೂ ಈಜುಗೊಳದ ಸಮಯವನ್ನೂ ಬರೆದು ತೂಗುಹಾಕುವಂತೆ, ಬಂಡೆ ಹತ್ತುವ ಸಮಯವನ್ನೂ ಹತ್ತಬಾರದ ಸಮಯವನ್ನೂ ಬರೆದು ತೂಗುಹಾಕಲಿ. ರಾತ್ರಿ ಒಂದು ಗಂಟೆಯಾದರೂ ಅಂಗಳದ ದೀಪಗಳನ್ನು ಆರಿಸಿ, ಸಪ್ತರ್ಷಿಮಂಡಲ ಕಾಣುವಂತೆ ಮಾಡಲಿ. ಇದಕ್ಕೆ ಖರ್ಚೇನೂ ಇಲ್ಲ.

ವಿದ್ಯಾರ್ಥಿಗಳೇ, ಇಂತಹ ಪ್ರಯಾಣಗಳಲ್ಲಿ ತಮ್ಮ ತಂಗಿಯರ ಕೈ ಹಿಡಿದು ನಡೆಯುವವರು ನೀವು. ಬೆಳಗ್ಗೆ ಐದಕ್ಕೆ ಮನೆಯವರನ್ನು ಎಬ್ಬಿಸುವ ಹೊಣೆ ನಿಮ್ಮದಾಗಲಿ. ಬೇಸಗೆಯನ್ನು ಕಂಡೂ ಕ್ಷೇಮವಾಗಿ ಹಿಂದಿರುಗುವ ಮಗು, ತಂಪುಕೋಣೆಯಲ್ಲಿ ಮಲಗಿದ್ದು ಬರುವ ಮಗುವಿಗಿಂತ ಹೆಚ್ಚಿನದನ್ನು ಮನೆಗೆ ತರುತ್ತದೆ.