ಕಾಡುದಾರಿಗೆ ಇಳಿಯುವವರ ಗಾಡಿಯಲ್ಲಿ ಒಂದು ಚೀಲವಿರಲಿ

ಕೊಡಚಾದ್ರಿ, ಮಾಂದಲ್‌ಪಟ್ಟಿಯಂಥ ಮಲೆನಾಡಿನ ಜೀಪ್ ದಾರಿಗಳಲ್ಲಿ ಗಾಡಿ ನಿಂತರೆ ಎಂಜಿನ್ ಕೆಟ್ಟಿರುವುದು ಅಪರೂಪ. ಟಯರ್ ಪಂಕ್ಚರ್ ಆಗಿರುತ್ತದೆ, ಚಕ್ರ ಕೆಸರಿನಲ್ಲಿ ಹೂತಿರುತ್ತದೆ, ಬ್ಯಾಟರಿ ಇಳಿದಿರುತ್ತದೆ, ಇಲ್ಲವೇ ರೇಡಿಯೇಟರಿನ ಹೋಸ್ ಬಿರಿದಿರುತ್ತದೆ. ಈ ನಾಲ್ಕನ್ನು ನಿಭಾಯಿಸುವ ಸಲಕರಣೆ ಒಂದು ಕ್ಯಾನ್ವಾಸ್ ಚೀಲದಲ್ಲಿ ಹಿಡಿಸುತ್ತದೆ. ಸ್ವಂತ ಗಾಡಿಯಲ್ಲಿ ಮಣ್ಣುದಾರಿ ಹತ್ತುವವರೆಲ್ಲ ಆ ಚೀಲ ಕಟ್ಟಿಕೊಂಡೇ ಹೊರಡಬೇಕೆಂಬುದು ಇಲ್ಲಿನ ಮನವಿ.

ಚೀಲದಲ್ಲಿ ಮೊದಲ ಜಾಗ ಟಯರಿನದು. ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಎಂದರೆ ಒಂದು ಅರ, ಒಂದು ದಪ್ಪ ಸೂಜಿ, ಕೆಲವು ರಬ್ಬರ್ ಬತ್ತಿ. ನೆಲಕ್ಕೆ ತಾಗುವ ಭಾಗದ ತೂತಿಗೆ ಬತ್ತಿ ಸಾಕು. ಚೂಪುಗಲ್ಲು ಟಯರಿನ ಪಕ್ಕವನ್ನೇ ಸೀಳಿದರೆ ಸ್ಟೆಪ್ನಿಯೇ ಗತಿ. ಆ ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ಎಂದು ನೋಡದೆ ಹೊರಡುವವರೇ ಹೆಚ್ಚು. ಗಾಳಿ ಅಳೆಯುವ ಗೇಜ್ ಮತ್ತು 12 ವೋಲ್ಟಿನ ಪುಟ್ಟ ಕಂಪ್ರೆಸರ್ ಜೊತೆಗಿರಬೇಕು. ಟಾರು ರಸ್ತೆಯಲ್ಲಿ 30 ಪಿಎಸ್‌ಐ ಆಸುಪಾಸು ಇರುವ ಗಾಳಿಯನ್ನು 20ರ ಹತ್ತಿರಕ್ಕೆ ಇಳಿಸಿದರೆ ಟಯರ್ ಉದ್ದಕ್ಕೆ ಚಪ್ಪಟೆಯಾಗಿ ನೆಲವನ್ನು ಚೆನ್ನಾಗಿ ಕಚ್ಚುತ್ತದೆ. ಹೂತ ಗಾಡಿ ಎಷ್ಟೋ ಸಲ ಇಷ್ಟರಿಂದಲೇ ಮೇಲೇಳುತ್ತದೆ. ಆದರೆ ಅದೇ ಗಾಳಿಯಲ್ಲಿ ಟಾರು ರಸ್ತೆಯ ಮೇಲೆ ವೇಗವಾಗಿ ಓಡಿಸಿದರೆ ಟಯರ್ ಕಾದು ಸಿಡಿಯಬಹುದು. ಕಂಪ್ರೆಸರ್ ಇಲ್ಲದವರು ಗಾಳಿ ಇಳಿಸುವ ಗೋಜಿಗೆ ಹೋಗದಿರುವುದೇ ಲೇಸು.

ಗಾಡಿಯೊಂದಿಗೆ ಬರುವ ಜಾಕಿ ಗಟ್ಟಿ ನೆಲಕ್ಕೆ ಮಾತ್ರ ಸರಿ. ಕೆಸರಿನಲ್ಲಿ ಗಾಡಿ ಏಳುವ ಬದಲು ಜಾಕಿಯೇ ಕೆಳಗಿಳಿಯುತ್ತದೆ. ಅದರಡಿ ಇಡಲು ಒಂದಡಿ ಚೌಕದ ದಪ್ಪ ಹಲಗೆ ಬೇಕು. ಮಣ್ಣು ತೆಗೆಯಲು ಗಿಡ್ಡ ಕಾವಿನ ಗುದ್ದಲಿ, ಚಕ್ರದ ಕೆಳಗೆ ತುರುಕಲು ಎರಡು ಗೋಣಿಚೀಲ ಇರಲಿ. ಕತ್ತಿ, ಕೊಡಲಿ ಬೇಡವೇ ಬೇಡ. ಚಕ್ರಕ್ಕೆ ಹಾಸಲು ಕಾಡಿನ ಕೊಂಬೆ ಕಡಿಯುವ ಚಾಳಿ ಬಿಡಬೇಕು. ಮೀಸಲು ಅರಣ್ಯದಲ್ಲಿ ಮರ ಕಡಿಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧವೂ ಹೌದು.

ಜೀವ ಹೋಗುವ ಅಪಾಯ ಇರುವುದು ಎಳೆಯುವ ಕೆಲಸದಲ್ಲಿ. ಬಾವಿ ಹಗ್ಗ, ಹಳೇ ಸರಪಳಿ ಇದಕ್ಕೆ ಆಗದು. ಗಾಡಿಯ ತೂಕದ ಎರಡು-ಮೂರು ಪಟ್ಟು ಭಾರ ತಾಳುವ ಪಟ್ಟಿ, ತಾಳುವ ಭಾರವನ್ನು ಮೈಮೇಲೆ ಮುದ್ರಿಸಿದ ಎರಡು ಶ್ಯಾಕಲ್ ತೆಗೆದುಕೊಳ್ಳಬೇಕು. ಅವನ್ನು ಚಾಸಿಗೆ ಸೇರಿದ ಎಳೆಗೊಕ್ಕೆಗೆ ಹಾಕಬೇಕೇ ಹೊರತು ಬಂಪರಿಗಾಗಲಿ ಟ್ರೇಲರಿನ ಗುಂಡಿಗಾಗಲಿ ಅಲ್ಲ. ಬಿಗಿಯಾಗಿದ್ದಾಗ ಕಿತ್ತುಬಂದ ಕಬ್ಬಿಣದ ತುಂಡು ಗುಂಡಿನಂತೆ ಹಾರುತ್ತದೆ. ಪಟ್ಟಿಯ ನಡುವೆ ಒದ್ದೆ ಗೋಣಿಚೀಲ ಹೊದಿಸಿ, ನೋಡುವವರನ್ನು ಪಟ್ಟಿಯ ಉದ್ದಕ್ಕಿಂತ ಹೆಚ್ಚು ದೂರ ಕಳಿಸಿದ ಮೇಲೆಯೇ ಎಳೆಯಲು ಶುರುಮಾಡಬೇಕು.

ಮಿಕ್ಕದ್ದು ಸಣ್ಣಪುಟ್ಟದ್ದು: 10ರಿಂದ 19ರವರೆಗಿನ ಪಾನಾ, ಕಟಿಂಗ್ ಪ್ಲೈಯರ್, ಸ್ಕ್ರೂ ಡ್ರೈವರ್, ಬೈಂಡಿಂಗ್ ವೈರ್, ಇನ್ಸುಲೇಶನ್ ಟೇಪ್, ಫ್ಯೂಸು, ಹೋಸ್ ಕ್ಲಿಪ್ಪು, ಜಂಪರ್ ಕೇಬಲ್, ಕೈಗವಸು, ಹಣೆಗೆ ಕಟ್ಟುವ ಟಾರ್ಚ್, ನಾಲ್ಕೈದು ಲೀಟರ್ ನೀರು. ಹಳೆಯ ಡೀಸೆಲ್ ಜೀಪಿನವರಾದರೆ ಒಂದು ಫ್ಯಾನ್ ಬೆಲ್ಟ್ ಕೂಡ. ಕಾದ ರೇಡಿಯೇಟರಿನ ಮುಚ್ಚಳ ಆರುವ ತನಕ ಮುಟ್ಟಬಾರದು. ನೂರು ಬಿಡಿಭಾಗದ ಸಾಕೆಟ್ ಪೆಟ್ಟಿಗೆ, ಉದ್ದನೆಯ ಹೈಲಿಫ್ಟ್ ಜಾಕಿ ನೋಡಲು ಚೆಂದ. ಬಳಸಿ ಗೊತ್ತಿಲ್ಲದವರ ಕೈಯಲ್ಲಿ ಎರಡನೆಯದು ದವಡೆ ಮುರಿಯುವ ಸಾಧನ.

ನಡುದಾರಿಯಲ್ಲಿ ನಿಂತ ಒಂದು ಗಾಡಿ ಹಿಂದಿನವರಿಗೆಲ್ಲ ದಾರಿ ಮುಚ್ಚುತ್ತದೆ. ಅದನ್ನು ಎಳೆಯಲು ಬರುವುದು ತೋಟದ ಕೆಲಸ ಬಿಟ್ಟ ಟ್ರ್ಯಾಕ್ಟರಿನವರು. ಆದ್ದರಿಂದ ಪ್ರವಾಸ ಹೊರಡುವವರು ಚೀಲ ಕಟ್ಟುವುದರ ಜೊತೆಗೆ, ಮನೆಯಂಗಳದಲ್ಲಿ ಒಮ್ಮೆಯಾದರೂ ತಾವೇ ಚಕ್ರ ಬಿಚ್ಚಿ ಹಾಕಿ ನೋಡಿರಬೇಕೆಂದು ಕೋರಿಕೆ.